ಕೂತವರ ಪರ ಬೆಂಚಪ್ಪನವರ ವಕಾಲತ್ತು

ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಮೊದಲೆರಡು ಪಂದ್ಯ ಗೆದ್ದ ತಂಡದ ಕೋಚ್‌ಗೆ ಮೂರನೆಯದರ ಹೊತ್ತಿಗೆ ಒಂದು ಸುಖದ ಸಂಕಟ ಎದುರಾಗುತ್ತದೆ. ನಾಕೌಟ್ ಬಹುತೇಕ ಖಾತ್ರಿ. ಹಾಗಿರುವಾಗ ದೊಡ್ಡ ಆಟಗಾರರನ್ನು ಮತ್ತೆ ಮೈದಾನಕ್ಕಿಳಿಸಿ ಕಾಲು ಮುರಿಸುವುದೋ, ಕೂರಿಸಿ ಕಾಪಾಡಿಕೊಳ್ಳುವುದೋ? ಕೋಚ್‌ಗಳು, ಮಾಜಿ ಆಟಗಾರರು, ಟಿವಿ ಪಂಡಿತರು ಈ ಬಗ್ಗೆ ಬೇಕಾದಷ್ಟು ಮಾತಾಡಿದ್ದಾರೆ. ಆ ದೊಡ್ಡವರು ಕೂರುವುದು ಯಾರ ಮೇಲೋ ಅವರನ್ನು ಮಾತ್ರ ಯಾರೂ ಕೇಳಿದಂತಿಲ್ಲ. ಬರಿಯ ಹಲಗೆಯಾಗಿದ್ದ ಕಾಲದಿಂದ ಮೆತ್ತನೆಯ ಸೀಟಿನ ಈ ಕಾಲದವರೆಗೆ ಎಲ್ಲವನ್ನೂ ಕಂಡ ಬದಲಿ ಆಟಗಾರರ ಬೆಂಚು ಇಲ್ಲಿ ಮಾತಾಡಿದೆ. ವಯಸ್ಸಿಗೆ ಗೌರವ ಕೊಟ್ಟು ಬೆಂಚಪ್ಪನವರೆಂದೇ ಕರೆಯೋಣ.

ಪ್ರಶ್ನೆ: ನೇರವಾಗಿ ಕೇಳುತ್ತೇವೆ. ನಾಕೌಟ್‌ಗೆ ಮುನ್ನ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡುವುದು ಸರಿಯೋ ತಪ್ಪೋ?

ಬೆಂಚು: ನೀವೂ ಎಲ್ಲರ ಹಾಗೆ ಕೂತವನ ಬಗ್ಗೆಯೇ ಕೇಳಿದಿರಿ. ಅವನು ಕೂತಾಗ ಎದ್ದು ಹೋದವನೊಬ್ಬ ಇರುತ್ತಾನಲ್ಲ, ಅವನ ಸುದ್ದಿ ಯಾರಿಗೂ ಬೇಡ. ನನ್ನ ವಾದವೆಲ್ಲ ಅವನ ಮೇಲೆಯೇ ನಿಂತಿದೆ. 2022ರ ನವೆಂಬರ್ 30, ಕತಾರ್‌ನ ಎಜುಕೇಶನ್ ಸಿಟಿ ಕ್ರೀಡಾಂಗಣ. ಆಸ್ಟ್ರೇಲಿಯಾ, ಡೆನ್ಮಾರ್ಕ್ ಎರಡನ್ನೂ ಸೋಲಿಸಿ ಮುಗಿಸಿದ್ದ ಫ್ರಾನ್ಸ್, ಟ್ಯುನೀಷಿಯಾ ವಿರುದ್ಧ ಒಂಬತ್ತು ಜನರನ್ನು ಬದಲಿಸಿತು. ವಹ್ಬಿ ಖಝ್ರಿ ಗೋಲು ಹೊಡೆದ, ಫ್ರಾನ್ಸ್ 0-1ರಿಂದ ಸೋತಿತು. ಹಾಲಿ ಚಾಂಪಿಯನ್ನರಿಗೆ ಅಹಂಕಾರ ಎಂದರು. ಡಿಸೆಂಬರ್ 14ಕ್ಕೆ ಬನ್ನಿ. ಮೊರಾಕೊ ಎದುರು ಸೆಮಿಫೈನಲ್, ರಾಬಿಯೊ ಮತ್ತು ಉಪಮೆಕಾನೊ ಇಬ್ಬರಿಗೂ ಹುಷಾರಿಲ್ಲ. ಅವರ ಜಾಗದಲ್ಲಿ ಆಡಿದ ಫೊಫಾನಾ, ಕೊನಾಟೆ ಇಬ್ಬರೂ ಟ್ಯುನೀಷಿಯಾ ಎದುರು ಬೆವರು ಹರಿಸಿದ್ದವರು. ಅದೇ ಸೆಮಿಫೈನಲ್‌ನಲ್ಲಿ ನನ್ನನ್ನು ಬಿಟ್ಟು ಎದ್ದುಹೋದ ಕೊಲೊ ಮುವಾನಿ ಒಂದು ನಿಮಿಷ ತುಂಬುವ ಮೊದಲೇ ಗೋಲು ಹೊಡೆದ. ಅರ್ಜೆಂಟೀನಾ ಎದುರಿನ ಫೈನಲ್‌ನಲ್ಲಂತೂ ಫ್ರಾನ್ಸ್ ಏಳು ಬದಲಿ ಆಟಗಾರರನ್ನು ಇಳಿಸಿತು. ಕೊಲೊ ಮುವಾನಿ, ಕೋಮನ್, ಕಮವಿಂಗಾ, ಫೊಫಾನಾ, ಕೊನಾಟೆ, ಡಿಸಾಸಿ: ಏಳರಲ್ಲಿ ಈ ಆರು ಮಂದಿ ಟ್ಯುನೀಷಿಯಾ ವಿರುದ್ಧ ಮೊದಲ ನಿಮಿಷದಿಂದಲೇ ಮೈದಾನದಲ್ಲಿದ್ದವರು. 0-2ರಿಂದ ಹಿಂದಿದ್ದ ತಂಡಕ್ಕೆ ಪೆನಾಲ್ಟಿ ಗಿಟ್ಟಿಸಿಕೊಟ್ಟವನು ಕೊಲೊ ಮುವಾನಿ. ಎರಡನೇ ಗೋಲಿಗೆ ಮೆಸ್ಸಿಯ ಕಾಲಿಂದ ಚೆಂಡು ಕಿತ್ತವನು ಕೋಮನ್. ಮಿಡ್‌ಫೀಲ್ಡರ್ ಕಮವಿಂಗಾನನ್ನು ಟ್ಯುನೀಷಿಯಾ ಎದುರು ಎಡ ಬ್ಯಾಕ್‌ನಲ್ಲಿ ನಿಲ್ಲಿಸಿದಾಗ ನಕ್ಕವರಿದ್ದರು. ಫೈನಲ್‌ನಲ್ಲಿ ಅವನು ಬಂದು ನಿಂತದ್ದು ಅದೇ ಜಾಗದಲ್ಲಿ. ಮೂರನೇ ಪಂದ್ಯ ದಣಿದವರದಲ್ಲ ಸ್ವಾಮಿ, ಅದು ನನ್ನವರದು.

ಪ್ರಶ್ನೆ: ಇದು ನಿಮ್ಮ ಬಾಡಿಗೆದಾರರ ಪರವಾದ ವಕಾಲತ್ತು ಅಲ್ಲವೇ? ನಿಮ್ಮ ಮೇಲೆ ಕೂರುವವರು ಮುಖ್ಯ ಎಂದು ನೀವಲ್ಲದೆ ಇನ್ಯಾರು ಹೇಳಿಯಾರು?

ಬೆಂಚು: ಸ್ವಾರ್ಥ ಇದೆ, ಇಲ್ಲ ಅನ್ನುವುದಿಲ್ಲ. ಹಾಗಾದರೆ ನನಗೆ ಅಧಿಕಾರವೇ ಇಲ್ಲದಿದ್ದ ಕಾಲದ ಸಾಕ್ಷಿ ತೆಗೆದುಕೊಳ್ಳಿ. ವಿಶ್ವಕಪ್‌ನಲ್ಲಿ ಆಟದ ನಡುವೆ ಬದಲಿ ಆಟಗಾರನನ್ನು ಇಳಿಸಲು ಬಿಟ್ಟದ್ದೇ 1970ರಲ್ಲಿ. 1954ರಲ್ಲಿ, ಸ್ವಿಟ್ಜರ್ಲೆಂಡ್‌ನಲ್ಲಿ, ಶಿಳ್ಳೆ ಊದುವಾಗ ಹೊರಗೆ ಕೂತವನು ಕೊನೆಯವರೆಗೂ ಹೊರಗೇ. ಆ ಸಲ ಪಶ್ಚಿಮ ಜರ್ಮನಿಯ ಕೋಚ್ ಜೆಪ್ ಹೆರ್‌ಬರ್ಗರ್ ಗುಂಪು ಹಂತದಲ್ಲಿ ಹಂಗರಿಯ ವಿರುದ್ಧ ಹಲವು ಮುಖ್ಯ ಆಟಗಾರರನ್ನು ಹೊರಗಿಟ್ಟು ತಂಡ ಕಟ್ಟಿದರು. 3-8ರಿಂದ ಮಣ್ಣುಮುಕ್ಕಿದರು. ಟರ್ಕಿಯ ಜೊತೆ ಮತ್ತೊಮ್ಮೆ ಆಡಿ 7-2ರಿಂದ ಗೆದ್ದು ಮುಂದಕ್ಕೆ ಹೋದರು. ಹೆರ್‌ಬರ್ಗರ್ ದೊಡ್ಡವರ ಕಾಲು ಉಳಿಸಿ ಕಪ್ ಗೆದ್ದರು ಎಂಬುದೇ ಅಂದಿನಿಂದ ನಡೆದುಬಂದ ಕತೆ. ನಾನು ನೋಡುವುದು ಬೇರೆಯದನ್ನು. ಮೊದಲ ಪಂದ್ಯದಲ್ಲಿ ಹೊರಗಿದ್ದ ಹೆಲ್ಮುಟ್ ರಾನ್‌ಗೆ ಅವಕಾಶ ಸಿಕ್ಕಿದ್ದು ಆ 3-8ರ ಪಂದ್ಯದಲ್ಲಿ. ಒಂದು ಗೋಲೂ ಹೊಡೆದ. ಕ್ವಾರ್ಟರ್‌ಫೈನಲ್‌ನಿಂದ ಅವನ ಜಾಗ ಗಟ್ಟಿಯಾಯಿತು. ಬರ್ನ್‌ನ ಫೈನಲ್‌ನಲ್ಲಿ ಅದೇ ಹಂಗರಿಯ ಎದುರು ಎರಡು ಗೋಲು, ಗೆಲುವು ತಂದ 84ನೇ ನಿಮಿಷದ್ದೂ ಸೇರಿ. ವೆರ್ನರ್ ಲೀಬ್ರಿಷ್ ಕೂಡ ಆ ಸೋಲಿನ ದಿನವೇ ತಂಡಕ್ಕೆ ಬಂದವನು, ಫೈನಲ್‌ನಲ್ಲೂ ಆಡಿದವನು. ಗೆಲ್ಲುತ್ತಲೇ ಇದ್ದ ಹಂಗರಿ ಪುಷ್ಕಾಶ್‌ನನ್ನು ಕೂರಿಸಲಿಲ್ಲ. ಅದೇ ಲೀಬ್ರಿಷ್‌ನ ಒದೆ ತಿಂದು ಅವನು ಕ್ವಾರ್ಟರ್‌ಫೈನಲ್, ಸೆಮಿಫೈನಲ್ ಎರಡನ್ನೂ ತಪ್ಪಿಸಿಕೊಂಡ.

ಪ್ರಶ್ನೆ: ಆದರೆ ಗೆಲ್ಲುವ ತಂಡದ ಲಯ ಕೆಡಿಸಬಾರದು ಎನ್ನುವವರ ಕೈಯಲ್ಲಿ 2008ರ ಯುರೋ ಇದೆಯಲ್ಲ? ಪೋರ್ಚುಗಲ್, ಕ್ರೊಯೇಷಿಯಾ, ನೆದರ್ಲೆಂಡ್ಸ್, ಸ್ಪೇನ್ ನಾಲ್ಕೂ ಎರಡೇ ಪಂದ್ಯಕ್ಕೆ ಗುಂಪು ಗೆದ್ದು ಮೂರನೆಯದರಲ್ಲಿ ದೊಡ್ಡವರನ್ನು ಕೂರಿಸಿದವು. ಮೂರು ತಂಡಗಳು ಕ್ವಾರ್ಟರ್‌ಫೈನಲ್‌ನಲ್ಲೇ ಗಂಟುಮೂಟೆ ಕಟ್ಟಿದವು.

ಬೆಂಚು: ನನ್ನ ವಿರುದ್ಧ ಇರುವ ಅತಿ ಗಟ್ಟಿ ಸಾಕ್ಷಿ ಇದು, ತಳ್ಳಿಹಾಕುವುದಿಲ್ಲ. ನೆದರ್ಲೆಂಡ್ಸ್‌ನದನ್ನೇ ನೋಡಿ. ಅವರ ಮುಖ್ಯ ತಂಡ ಫ್ರಾನ್ಸನ್ನು 4-1ರಿಂದ ಬಗ್ಗುಬಡಿದದ್ದು ಜೂನ್ 13ರಂದು, ರಷ್ಯಾ ವಿರುದ್ಧ ಇಳಿದದ್ದು 21ರಂದು. ಬಹುತೇಕರಿಗೆ ಎಂಟು ದಿನದ ಬಿಡುವು. ರಷ್ಯಾಗೆ ಸಿಕ್ಕಿದ್ದು ಮೂರೇ ದಿನ. ಆದರೂ ಹೆಚ್ಚುವರಿ ಅವಧಿಯಲ್ಲಿ ಓಡಿ ಓಡಿ 3-1ರಿಂದ ಗೆದ್ದದ್ದು ರಷ್ಯಾವೇ. ಬಿಡುವು ತಾನಾಗಿಯೇ ಪಂದ್ಯ ಗೆಲ್ಲಿಸುತ್ತದೆ ಎಂಬ ಮಾತು ಅಲ್ಲಿಗೆ ಸತ್ತಿತು, ನಾನೂ ಅದಕ್ಕೆ ಅಳುವುದಿಲ್ಲ. ಈಗ ಉಳಿದ ನಾಲ್ಕನೆಯವರನ್ನು ನೋಡಿ. ಸ್ಪೇನ್‌ನ ಕೋಚ್ ಲೂಯಿಸ್ ಅರಗೊನೆಸ್ ಗ್ರೀಸ್ ವಿರುದ್ಧ ಹತ್ತು ಜನರನ್ನು ಬದಲಿಸಿದರು. ಆ ಹತ್ತರಲ್ಲಿದ್ದ ಗ್ವಿಸಾ ಗೆಲುವಿನ ಗೋಲು ಹೊಡೆದ, ಫ್ಯಾಬ್ರೆಗಾಸ್ ಪೂರ್ತಿ ಪಂದ್ಯದ ಅಭ್ಯಾಸ ಪಡೆದ. ಇಟಲಿ ವಿರುದ್ಧದ ಶೂಟೌಟ್‌ನಲ್ಲಿ ಕೊನೆಯ ಪೆನಾಲ್ಟಿ ಹೊಡೆದು ಗೆಲ್ಲಿಸಿದವನು ಫ್ಯಾಬ್ರೆಗಾಸ್. ಸೆಮಿಫೈನಲ್‌ನಲ್ಲಿ ಡೇವಿಡ್ ವಿಯಾ ಗಾಯಗೊಂಡು ಹೊರಬಿದ್ದಾಗ ಒಳಬಂದವನೂ ಅವನೇ. ಅದೇ ಪಂದ್ಯದಲ್ಲಿ ಗ್ವಿಸಾನದೂ ಒಂದು ಗೋಲು. ವಿಯಾ ಇಲ್ಲದೆಯೇ ಸ್ಪೇನ್ ಕಪ್ ಎತ್ತಿತು. ಇನ್ನೊಂದು ಕೇಳಿ. ಇದೇ ಅರಗೊನೆಸ್ 2006ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ವಿರುದ್ಧ ಹನ್ನೊಂದಕ್ಕೆ ಹನ್ನೊಂದನ್ನೂ ಬದಲಿಸಿ 1-0ರಿಂದ ಗೆದ್ದಿದ್ದರು, ಮುಂದಿನ ಪಂದ್ಯದಲ್ಲಿ ಫ್ರಾನ್ಸ್‌ಗೆ 1-3ರಿಂದ ಸೋತಿದ್ದರು. ಅದೇ ಕೋಚ್, ಅದೇ ಲೆಕ್ಕಾಚಾರ. ಒಂದು ಸಲ ಪೆದ್ದ, ಇನ್ನೊಂದು ಸಲ ಮೇಧಾವಿ. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಇದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ನಿರ್ಧಾರ ಸರಿಯೋ ಅಲ್ಲವೋ ಎಂದು ಅಳೆಯಬೇಕಾದ್ದು ಆ ದಿನ ಬೆಳಗ್ಗೆ ಕೋಚ್‌ಗೆ ಏನು ಗೊತ್ತಿತ್ತು ಎಂಬುದರಿಂದ: ಯಾರ ಹೆಸರಲ್ಲಿ ಹಳದಿ ಕಾರ್ಡಿದೆ, ಯಾರ ತೊಡೆ ಹಿಡಿದುಕೊಂಡಿದೆ, ಅವರು ನಾಳೆ ಇಲ್ಲದಿದ್ದರೆ ಅವರ ಜಾಗಕ್ಕೆ ಬರುವವನು ಈ ಪಂದ್ಯಾವಳಿಯಲ್ಲಿ ಚೆಂಡು ಮುಟ್ಟಿದ್ದಾನೋ ಇಲ್ಲವೋ.

ಪ್ರಶ್ನೆ: ಟಿಕೆಟ್ ಕೊಂಡವರಿಗೆ ಮೋಸ ಅನ್ನುವವರಿದ್ದಾರೆ. ಅದಿರಲಿ, ಮೂರನೆಯ ತಂಡಕ್ಕೆ ಆಗುವ ಅನ್ಯಾಯದ ಮಾತೇನು?

ಬೆಂಚು: ಟಿಕೆಟ್ ಕೊಂಡವರು ಪಂದ್ಯಕ್ಕೆ ಕೊಂಡಿದ್ದಾರೆ, ಮುಖಕ್ಕಲ್ಲ. ಮೂರನೆಯ ತಂಡದ ದೂರು ಮಾತ್ರ ನಿಜ. 2022ರಲ್ಲಿ ಪೋರ್ಚುಗಲ್ ಆರು ಜನರನ್ನು ಬದಲಿಸಿ ದಕ್ಷಿಣ ಕೊರಿಯಾಗೆ 1-2ರಿಂದ ಸೋತಿತು. ಹ್ವಾಂಗ್ ಹೀ-ಚಾನ್‌ನ ಗೋಲು ಬಂದದ್ದು 90 ನಿಮಿಷ ಮುಗಿದ ಮೇಲೆ. ಘಾನಾವನ್ನು 2-0ರಿಂದ ಸೋಲಿಸಿದ್ದ ಉರುಗ್ವೆ, ಕೊರಿಯಾದಷ್ಟೇ ಅಂಕ, ಕೊರಿಯಾದಷ್ಟೇ ಗೋಲು ವ್ಯತ್ಯಾಸ ಇದ್ದೂ ಹೊಡೆದ ಗೋಲು ಕಡಿಮೆಯಾಯಿತೆಂದು ಮನೆಗೆ ಹೋಯಿತು. ಅವರ ಸಂಕಟಕ್ಕೆ ನನ್ನ ಬಳಿ ಉತ್ತರ ಇಲ್ಲ. ಆದರೆ ಎರಡನೇ ಸಾಲಿನವರು ಇಳಿದರೆಂದರೆ ಪಂದ್ಯ ಬಿಟ್ಟುಕೊಟ್ಟಂತೆ ಎಂಬುದನ್ನು ಒಪ್ಪಲಾರೆ. 2004ರ ಯುರೋದಲ್ಲಿ ಜೆಕ್ ಗಣರಾಜ್ಯ ಒಂಬತ್ತು ಜನರನ್ನು ಬದಲಿಸಿ ಜರ್ಮನಿಯ ಎದುರು ಇಳಿಯಿತು. ಜೆಕ್‌ನವರಿಗೆ ಗೆಲ್ಲಲೇಬೇಕಾದ ಕಾರಣವಿರಲಿಲ್ಲ, ಜರ್ಮನಿಗೆ ಇತ್ತು. ಆದರೂ ಬದಲಿಗನಾಗಿ ಬಂದ ಮಿಲಾನ್ ಬರೋಶ್‌ನ ಗೋಲಿನಿಂದ ಜೆಕ್ 2-1ರಿಂದ ಗೆದ್ದಿತು, ಜರ್ಮನಿ ಮನೆಗೆ. ವಾರಗಟ್ಟಲೆ ಕೂತು ಕೂತು ಬೇಸತ್ತವನು ಸಿಕ್ಕ ಒಂದು ಪಂದ್ಯದಲ್ಲಿ ಸುಮ್ಮನೆ ಅಡ್ಡಾಡುತ್ತಾನೆ ಎಂದುಕೊಳ್ಳುವವರು ನನ್ನ ಮೇಲೆ ಒಂದು ದಿನವೂ ಕೂತವರಲ್ಲ. ನಿಜವಾಗಿ ನಾಚಿಕೆಗೇಡು ನಡೆದದ್ದು 2018ರ ಇಂಗ್ಲೆಂಡ್–ಬೆಲ್ಜಿಯಂ ಪಂದ್ಯದ ಮೊದಲಿನ ದಿನಗಳಲ್ಲಿ. ಎರಡೂ ತಂಡ ನಾಕೌಟ್ ಸೇರಿದ್ದವು, ಸೋತವರಿಗೆ ಮುಂದಿನ ದಾರಿ ಸಲೀಸು ಎಂದು ಮಾಧ್ಯಮಗಳು ಬಹಿರಂಗವಾಗಿ ಲೆಕ್ಕ ಹಾಕಿದವು. ಬೆಲ್ಜಿಯಂ ಒಂಬತ್ತು, ಇಂಗ್ಲೆಂಡ್ ಎಂಟು ಜನರನ್ನು ಬದಲಿಸಿದವು. ಅಲ್ಲಿ ಬೇಡವಾಗಿದ್ದದ್ದು ದಣಿವಲ್ಲ, ಗೆಲುವು. ಪಾಪ, ಯಾನುಜೈ ಎಂಬ ಹುಡುಗನಿಗೆ ಯಾರೂ ಇದನ್ನು ಹೇಳಿರಲಿಲ್ಲವೇನೋ, ಚೆಂದದ ಗೋಲು ಹೊಡೆದುಬಿಟ್ಟ.

ಪ್ರಶ್ನೆ: ಅಷ್ಟೆಲ್ಲ ನಂಬಿಕೆ ಇದ್ದರೆ ಟ್ಯುನೀಷಿಯಾ ಎದುರು ಫ್ರಾನ್ಸ್ ಅಂದು ಎಂಬಾಪೆಯನ್ನು ಎಬ್ಬಿಸಿದ್ದೇಕೆ?

ಬೆಂಚು: ಅದನ್ನೇ ಹೇಳಬೇಕೆಂದಿದ್ದೆ. 58ನೇ ನಿಮಿಷಕ್ಕೆ ಖಝ್ರಿಯ ಗೋಲು. ಅಲ್ಲಿಯವರೆಗೆ ಆರಾಮವಾಗಿ ಕಾಲು ಚಾಚಿ ಕೂತಿದ್ದವರು ಬಿಬ್ ಕಳಚಿ, ಶಿನ್ ಪ್ಯಾಡ್ ಕಾಲುಚೀಲದೊಳಗೆ ತುರುಕಿ ಸಾಲಾಗಿ ಏಳಲು ಶುರು. 63ಕ್ಕೆ ನಾಲ್ಕನೇ ರೆಫರಿಯ ಫಲಕದಲ್ಲಿ ಎಂಬಾಪೆ, ರಾಬಿಯೊ ನಂಬರುಗಳು. 73ಕ್ಕೆ ಗ್ರೀಜ್‌ಮನ್. 79ಕ್ಕೆ ಡೆಂಬೆಲೆ. ಕೊನೆಗೆ ಗ್ರೀಜ್‌ಮನ್ ಗೋಲು ಹೊಡೆದರೆ ಅದೂ ವಿಡಿಯೊ ತೀರ್ಪಿನಲ್ಲಿ ರದ್ದು. ಉಪವಾಸ ಹಿಡಿದವನು ಮಧ್ಯಾಹ್ನ ಮೂರಕ್ಕೆ ಒಂದು ತಟ್ಟೆ ಉಪ್ಪಿಟ್ಟು ತಿಂದ ಹಾಗಾಯಿತು: ಪುಣ್ಯವೂ ಇಲ್ಲ, ಹೊಟ್ಟೆಯೂ ತುಂಬಲಿಲ್ಲ. ಆಗಲೇ ಗುಂಪಿನ ಮೊದಲ ಸ್ಥಾನ ಹೆಚ್ಚುಕಡಿಮೆ ಕೈಯಲ್ಲಿತ್ತು. ಆ ಅರ್ಧ ಗಂಟೆ ಹಿನ್ನಡೆಯಲ್ಲಿದ್ದಾಗ ಹೇಗೆ ಆಡಬೇಕೆಂದು ಫೊಫಾನಾ, ಕೋಮನ್ ಕಲಿಯಬೇಕಾದ ಹೊತ್ತು. ಅವರಿಬ್ಬರನ್ನೇ ಹೊರಗೆ ಕರೆದರು. ಸ್ಕೋರ್ ನೋಡಿ ಬದಲಾಗುವ ನಿರ್ಧಾರ ಮೊದಲೇ ಮಾಡಿದ್ದಲ್ಲ, ಅದು ಬರೀ ಹೆದರಿಕೆ.

ಪ್ರಶ್ನೆ: ಹಾಗಾದರೆ ಹನ್ನೊಂದನ್ನೂ ಬದಲಿಸಿಬಿಡಿ ಎನ್ನುತ್ತೀರಾ?

ಬೆಂಚು: ಖಂಡಿತ ಇಲ್ಲ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಹನ್ನೊಂದು ಜನರನ್ನು ಒಟ್ಟಿಗೆ ಬಿಟ್ಟರೆ ಯಾರ ಪರೀಕ್ಷೆಯೂ ಆಗುವುದಿಲ್ಲ. ಯಾರು ಕಳಪೆ, ಯಾರಿಗೆ ಜೊತೆಗಾರ ಸರಿಯಿಲ್ಲ ಎಂದು ತಿಳಿಯುವುದೇ ಕಷ್ಟ. 2018ರಲ್ಲಿ ಕ್ರೊಯೇಷಿಯಾ ಐಸ್‌ಲ್ಯಾಂಡ್ ವಿರುದ್ಧ ಒಂಬತ್ತು ಜನರನ್ನು ಬದಲಿಸಿತು, ಆದರೆ ಮೊಡ್ರಿಚ್ ಮತ್ತು ಪೆರಿಸಿಚ್‌ರನ್ನು ಉಳಿಸಿಕೊಂಡಿತು. ಚೆಂಡು ಎಲ್ಲಿಗೆ ಹೋಗಬೇಕೆಂದು ಹೇಳಲು ಮೊಡ್ರಿಚ್ ನಡುವೆ ಇದ್ದ. ಎರಡನೇ ಅವಧಿಯಲ್ಲಿ ಅವನನ್ನೂ ಹೊರಗೆ ಕರೆದರು. 2-1ರಿಂದ ಗೆದ್ದರು. ಮುಂದೆ ಮೂರು ನಾಕೌಟ್ ಪಂದ್ಯಗಳಲ್ಲಿ ಹೆಚ್ಚುವರಿ ಅವಧಿಯವರೆಗೆ ಹೋಗಿ ಫೈನಲ್ ತಲುಪಿದರು. ಇನ್ನೊಂದು ಎಚ್ಚರಿಕೆ: ಬದಲಿಗನ ಮಂಡಿಯೂ ಮಂಡಿಯೇ. 2022ರಲ್ಲಿ ಬ್ರೆಜಿಲ್ ಕ್ಯಾಮರೂನ್ ಎದುರು ಒಂಬತ್ತು ಜನರನ್ನು ಬದಲಿಸಿ 0-1ರಿಂದ ಸೋತದ್ದಷ್ಟೇ ಅಲ್ಲ, ಗೇಬ್ರಿಯಲ್ ಜೀಸಸ್, ಅಲೆಕ್ಸ್ ಟೆಲ್ಲೆಸ್ ಇಬ್ಬರೂ ಮಂಡಿ ಕೆಡಿಸಿಕೊಂಡು ಪಂದ್ಯಾವಳಿಯಿಂದಲೇ ಹೊರಬಿದ್ದರು. ಗಾಯದ ಭಯಕ್ಕೆ ದೊಡ್ಡವರನ್ನು ಕೂರಿಸಿದರೆ ಗಾಯ ತಪ್ಪುವುದಿಲ್ಲ, ಅದರ ವಿಳಾಸ ಬದಲಾಗುತ್ತದೆ. ಹಾಗಾಗಿ ಗಾಯದ ಭಯ ಕಾರಣವಾಗಬಾರದು. 48 ತಂಡಗಳ ಹೊಸ ಪದ್ಧತಿಯಲ್ಲಿ ಕಪ್ ಎತ್ತಲು ಏಳಲ್ಲ, ಎಂಟು ಪಂದ್ಯ. ಹನ್ನೊಂದೇ ಜನರನ್ನು ನಂಬಿ ಹೊರಟವನಿಗೆ ಆ ಎಂಟನೆಯದು ಬಲು ದೂರ.

ಪ್ರಶ್ನೆ: ಕೊನೆಯದಾಗಿ. ನಿಮ್ಮ ಪರಮಭಕ್ತ ಬ್ರೆಜಿಲ್‌ನ ಅಂದಿನ ಕೋಚ್ ಟೀಟೆ. 2022ರ ಆ ಪಂದ್ಯಾವಳಿಯಲ್ಲಿ ಮೂರನೇ ಗೋಲ್‌ಕೀಪರ್ ವೆವರ್ಟನ್‌ನನ್ನೂ ಬಿಡದೆ 26ಕ್ಕೆ 26 ಜನರನ್ನೂ ಆಡಿಸಿದರು. ವೆವರ್ಟನ್ ಇಳಿದ ಪಂದ್ಯದ ಮುಂದಿನದರಲ್ಲೇ ಕ್ರೊಯೇಷಿಯಾ ಅವರನ್ನು ಪೆನಾಲ್ಟಿಯಲ್ಲಿ ಮನೆಗೆ ಕಳಿಸಿತು. ಏನು ಹೇಳುತ್ತೀರಿ?

ಬೆಂಚು: 4-1ರಿಂದ ಮುಂದಿರುವಾಗ ಮೂರನೇ ಗೋಲ್‌ಕೀಪರ್‌ನನ್ನು ಇಳಿಸುವುದು ಸೌಜನ್ಯ, ಅಭ್ಯಾಸವಲ್ಲ. ಅದನ್ನು ನನ್ನ ಖಾತೆಗೆ ಬರೆಯಬೇಡಿ. ಇನ್ನು ಆ ಶೂಟೌಟ್. ಮೊದಲ ಒದೆತಕ್ಕೆ ರಾಡ್ರಿಗೊ ಬಂದ, ಗೋಲ್‌ಕೀಪರ್ ತಡೆದ. ನಾಲ್ಕನೆಯದನ್ನು ಮಾರ್ಕಿನ್ಯೋಸ್ ಕಂಬಕ್ಕೆ ಹೊಡೆದ. ಐದನೆಯದಕ್ಕೆಂದು ನೇಮರ್‌ನನ್ನು ಉಳಿಸಿಟ್ಟಿದ್ದರು, ಐದನೆಯದು ಬರಲೇ ಇಲ್ಲ. ಆ ಹೊತ್ತಿಗೆ ಅವನು ನನ್ನ ಮೇಲೆ ಕೂತಿರಲಿಲ್ಲ ಸ್ವಾಮಿ, ಮೈದಾನದ ನಡುಗೆರೆಯ ಬಳಿ ನಿಂತಿದ್ದ. ಆ ಬಗ್ಗೆ ಕೇಳುವುದಿದ್ದರೆ ನಡುಗೆರೆಯನ್ನೇ ಕೇಳಿ.