ಸೆಟ್ ದೋಸೆಯಲ್ಲಿ ಸರ್ವಾರ್ಥ: ‘ಸೆಟ್’ ಶಬ್ದದ ಕುರಿತು ಒಂದು ಮೀಮಾಂಸೆ

ಇಂಗ್ಲಿಷಿನ ‘ಸೆಟ್’ ಎಂಬ ಪುಟಾಣಿ ಪದಕ್ಕೆ ಆಕ್ಸ್‌ಫರ್ಡ್ ನಿಘಂಟಿನ ಎರಡನೆಯ ಆವೃತ್ತಿ (1989) 430 ಅರ್ಥಗಳನ್ನು ಹೇಳಿ, ವಿವರಣೆಗೆ ಸುಮಾರು 60,000 ಪದಗಳನ್ನು ಸುರಿದಿದೆ. ಸೂರ್ಯ ಮುಳುಗಿದರೂ ಸೆಟ್, ಸಿಮೆಂಟು ಬಿಗಿದರೂ ಸೆಟ್, ಮುರಿದ ಮೂಳೆ ಕೂಡಿಸಿದರೂ ಸೆಟ್. ಪಂಡಿತರು ಇದನ್ನು ಭಾಷೆಯ ಸಿರಿವಂತಿಕೆ ಎಂದು ಹೊಗಳಿದ್ದಾರೆ. ವಾಸ್ತವದಲ್ಲಿ ಇದು ಆಕ್ಸ್‌ಫರ್ಡಿನ ಉಪಾಹಾರ ವ್ಯವಸ್ಥೆಯ ಕೊರತೆ. ಈ ಪ್ರಬಂಧದ ಪ್ರತಿಜ್ಞೆ ಇಷ್ಟೆ: ಆ ಪದದ ಸಮಸ್ತ ಅರ್ಥಗಳೂ ಒಂದೇ ಪದಾರ್ಥದಲ್ಲಿ ಅಡಗಿವೆ, ಆ ಪದಾರ್ಥವೇ ಸೆಟ್ ದೋಸೆ.

ಮೊದಲು ವ್ಯುತ್ಪತ್ತಿ. ಕ್ರಿಯಾಪದವಾದ ಸೆಟ್ ಹಳೆಯ ಇಂಗ್ಲಿಷಿನ ‘ಸೆಟ್ಟನ್’ನಿಂದ ಬಂದದ್ದು, ಅಂದರೆ ‘ಕೂರಿಸು’. ಗುಂಪು ಎಂಬರ್ಥದ ನಾಮಪದದ ಬೇರು ಲ್ಯಾಟಿನ್ನಿನ ‘ಸೆಕ್ಟಾ’, ಅಂದರೆ ಪಂಥ. ಬೇರೆ ಬೇರೆ ಗೋತ್ರದ ಈ ಎರಡು ಪದಗಳು ಇಂಗ್ಲಿಷಿನಲ್ಲಿ ಹೇಗೋ ಬೆರೆತುಹೋದವು. ಅವುಗಳ ಶಾಸ್ತ್ರೋಕ್ತ ವಿವಾಹ ನಡೆದದ್ದು ಮಾತ್ರ ನಮ್ಮ ಕಾವಲಿಯ ಮೇಲೆ: ಹಿಟ್ಟನ್ನು ಕೂರಿಸುತ್ತಾರೆ, ಅದು ಬಿಗಿಯುತ್ತದೆ, ಮೂರು ಸೇರಿ ಪಂಥವಾಗುತ್ತದೆ, ಫಲಕದಲ್ಲಿ ಬೆಲೆ ನಿಗದಿಯಾಗುತ್ತದೆ, ಕೊನೆಗೆ ಹಸಿವು ಅಸ್ತಮಿಸುತ್ತದೆ. ಇಲ್ಲಿಗೆ ಐದು ಅರ್ಥಗಳಾದವು. ಉಳಿದ 425ನ್ನು ಗ್ರಂಥವಿಸ್ತಾರದ ಭಯದಿಂದ ಬಿಡಲಾಗಿದೆ. ‘ಹಾಗಾದರೆ ಪಂಪ್‌ಸೆಟ್ಟು ದೋಸೆಯೊಳಗೆ ಎಲ್ಲಿದೆ?’ ಎಂದು ರೈತಪಕ್ಷದವರು ಕೇಳಬಹುದು. ಪಂಪ್‌ಸೆಟ್ಟಿಲ್ಲದೆ ನೀರಿಲ್ಲ, ನೀರಿಲ್ಲದೆ ಅಕ್ಕಿಯಿಲ್ಲ. ಕಾರ್ಯದಲ್ಲಿ ಕಾರಣ ಅಡಗಿರುತ್ತದೆಂಬುದು ತರ್ಕ ಬಲ್ಲವರಿಗೆ ಹೇಳಬೇಕಾದ ಮಾತಲ್ಲ.

ಇನ್ನು ಪೂರ್ವಪಕ್ಷಗಳು. ಅದೇ ನಿಘಂಟಿನ ಪೀಟರ್ ಗಿಲ್ಲಿವರ್ ಒಂಬತ್ತು ತಿಂಗಳು ಕೂತು ‘ರನ್’ ಎಂಬ ಕ್ರಿಯಾಪದಕ್ಕೆ 645 ಅರ್ಥಗಳನ್ನು ಎಣಿಸಿದ್ದಾರೆ. ಆದ್ದರಿಂದ ಸೆಟ್ಟಿನ ಪಟ್ಟ ಹೋಯಿತೆಂದು ಕೆಲವರ ವಾದ. ಈ ವಾದ ನಿಲ್ಲದು. ರನ್ ದೋಸೆಯೆಂಬುದು ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ. ತಟ್ಟೆಗೆ ಬಾರದ ಅರ್ಥ ಎಷ್ಟಿದ್ದರೇನು? ಗಣಿತಜ್ಞರ ಆಕ್ಷೇಪ ಇದಕ್ಕಿಂತ ಗಂಭೀರ. ಅವರ ಪಾಲಿಗೆ ಸೆಟ್ ಎಂದರೆ ಗಣ. ಗಣಸಿದ್ಧಾಂತದಲ್ಲಿ ಒಂದೇ ಗಣಾಂಶವನ್ನು ಮೂರು ಸಲ ಬರೆದರೂ ಲೆಕ್ಕಕ್ಕೆ ಒಂದೇ. ಹಾಗಾದರೆ ಒಂದೇ ತೆರನಾದ ಮೂರು ದೋಸೆಗಳ ಗಣದಲ್ಲಿರುವುದು ಒಂದೇ ದೋಸೆ, ಮಾಲೀಕ ಎರಡನ್ನು ಒಳಗಿಟ್ಟುಕೊಳ್ಳಬಹುದು! ಸಮಾಧಾನವನ್ನು ಗಣಸಿದ್ಧಾಂತದ ಪ್ರವರ್ತಕ ಜಾರ್ಜ್ ಕ್ಯಾಂಟರ್ 1895ರಲ್ಲೇ ಒದಗಿಸಿದ್ದಾರೆ: ಗಣದ ವಸ್ತುಗಳು ಒಂದರಿಂದೊಂದು ಸ್ಪಷ್ಟವಾಗಿ ಬೇರೆಯಾಗಿರಬೇಕು. ಒಂದರ ಅಂಚು ಸೀದಿರುತ್ತದೆ, ಇನ್ನೊಂದರ ನಡು ಹಸಿಯಾಗಿರುತ್ತದೆ, ಮೂರನೆಯದು ಮಾತ್ರ ಸರಿಯಾಗಿ ಬೆಂದಿರುತ್ತದೆ. ಅಡುಗೆಭಟ್ಟರ ಅಜಾಗರೂಕತೆಯೆಂದು ಈತನಕ ದೂರಲಾಗುತ್ತಿದ್ದುದು ಹೀಗೆ ಗಣಿತದ ಪಾಲನೆಯೆಂದು ಸಿದ್ಧವಾಯಿತು. ಎಲ್ಲವನ್ನೂ ತಿಂದ ಮೇಲೆ ಉಳಿಯುವ ಶೂನ್ಯಗಣವೂ ಗಣವೇ ಆದ್ದರಿಂದ, ತಟ್ಟೆ ಬರಿದಾಯಿತೆಂದು ಹಣ ಕೊಡದೆ ಏಳುವಂತಿಲ್ಲ.

ಈ ಸಿದ್ಧಾಂತದಿಂದ ಒಂದು ಉಪಸಿದ್ಧಾಂತವೂ ಹೊರಡುತ್ತದೆ. ಚಟ್ನಿ ಬರುವುದು ಒಂದೇ ಬಕೆಟ್ಟಿನಿಂದ. ಮೊದಲ ಸಲದ್ದಕ್ಕೂ ಎರಡನೆಯ ಸಲದ್ದಕ್ಕೂ ಕ್ಯಾಂಟರ್ ಕೇಳುವ ಸ್ಪಷ್ಟ ಭೇದವಿಲ್ಲ. ಪುನರಾವರ್ತನೆಯಿಂದ ಗಣ ಹಿಗ್ಗುವುದಿಲ್ಲವಾದ್ದರಿಂದ ಬಿಲ್ಲೂ ಹಿಗ್ಗಕೂಡದು. ‘ಎಕ್ಸ್‌ಟ್ರಾ ಚಟ್ನಿಗೆ ಹತ್ತು ರೂಪಾಯಿ’ ಎಂದು ಗೋಡೆಗೆ ಬರೆಸುವವರು ಗ್ರಾಹಕರನ್ನಷ್ಟೇ ಅಲ್ಲ, ಗಣಸಿದ್ಧಾಂತವನ್ನೇ ಎದುರುಹಾಕಿಕೊಂಡಂತೆ.