ಷರೀಫರೂ ಬ್ಯಾಂಡಿನ ಮೆಂಬರೇ

ಕಾಂಪೌಂಡ್ ಗೋಡೆ ಎದೆಮಟ್ಟಕ್ಕಿಂತ ಎತ್ತರ ಇರಬಾರದು ಅನ್ನೋದು ನನ್ನ ವಾದ. ಎತ್ತರಿಸಿಬಿಟ್ಟರೆ, ಮೋಟಾರ್ ಹಾಕಿ ಮೇಲಿನ ಟ್ಯಾಂಕ್ ತುಂಬೋ ತನಕ ಹೊತ್ತು ಹೋಗೋದು ಹೇಗೆ? ನಮ್ಮ ತ್ಯಾಗರಾಜನಗರದಲ್ಲಿ ಅರ್ಧಕ್ಕರ್ಧ ವಿಚಾರಸಂಕಿರಣ ನಡೆಯೋದೇ ಆ ಹೊತ್ತಲ್ಲಿ.

ಮೊನ್ನೆ ಮಾತು ಎದ್ದಿದ್ದು ಪಕ್ಕದ ಮನೆ ರಾಯರ ಮಹಡಿ ಮೇಲಿನ ಬಾಡಿಗೆ ಹುಡುಗರಿಂದ. ಆಂಪ್ಲಿಫೈಯರ್ ಹಚ್ಚಿ ಗಿಟಾರ್ ಕುಟ್ಟುತ್ತಿದ್ದರು.

"ಏನ್ ಸ್ವಾಮಿ ಇದು, ಮಿಕ್ಸಿಗೆ ಕಲ್ಲು ಬಿದ್ದ ಹಾಗೆ!" ಅಂದರು ರಾಯರು.

"ಆಡಿಯೋಸ್ಲೇವ್ ಅಂತ ಸೂಪರ್ ಗ್ರೂಪು ರಾಯರೇ. ಸೌಂಡ್‌ಗಾರ್ಡನ್ನಿನ ಹಾಡುಗಾರ ಕ್ರಿಸ್ ಕಾರ್ನೆಲ್, ರೇಜ್ ಅಗೇನ್ಸ್ಟ್ ದಿ ಮಷೀನಿನ ಮೂರು ಜನ ವಾದ್ಯದವರು. ಎಲ್ಲ ಆಗಲೇ ಹೆಸರು ಮಾಡಿದವರು. 2002ರ ಮಾರ್ಚಲ್ಲಿ ಕಾರ್ನೆಲ್ ಬಿಟ್ಟು ಹೋದ, ಮತ್ತೆ ಬಂದ. ಅಷ್ಟರಲ್ಲಿ ಅರೆಬೆಂದ ಹಾಡುಗಳು ಇಂಟರ್ನೆಟ್ಟಲ್ಲಿ ಸೋರಿಹೋದವು. ಕೊನೆಗೆ ನವೆಂಬರಲ್ಲಿ ಆಲ್ಬಂ ಬಂತು."

"ಪಿಯುಸಿ ಪ್ರಶ್ನೆಪತ್ರಿಕೆ ಕಥೆ ಆಯ್ತು. ನಮ್ಮಲ್ಲಿ ಇವೆಲ್ಲ ಇರಲಿಲ್ವೇ? 1978ರಲ್ಲಿ 'ನಿತ್ಯೋತ್ಸವ' ಬಂತು. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಗಳ ರಾಗ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅದು. ಅದಕ್ಕಿಂತ ಸೂಪರ್ ಗ್ರೂಪ್ ಬೇಕೇನ್ರೀ?"

ಒಪ್ಪಲೇಬೇಕಾದ ಮಾತು. ರಾಯರು ಅಲ್ಲಿಗೆ ನಿಲ್ಲಿಸಲಿಲ್ಲ. ಅವರ ದೇವರು ಸಿ. ಅಶ್ವಥ್. ಐಟಿಐ ಕೆಲಸ ಮಾಡಿಕೊಂಡೇ ರಾಗ ಹಾಕಿದ ಮನುಷ್ಯ. ಎನ್.ಆರ್. ಕಾಲೊನಿಯಲ್ಲಿ ಅವರ ಹೆಸರಿನ ಕಲಾಭವನವೇ ಇದೆ, ನಮಗೆ ನಡೆದು ಹೋಗುವಷ್ಟು ದೂರ. 1990ರ 'ಸಂತ ಶಿಶುನಾಳ ಷರೀಫ' ಸಿನಿಮಾಕ್ಕೆ ಸಂಗೀತ ಅವರದ್ದೇ. ಷರೀಫರ ಹಾಡು ಅಂದರೆ ಅಶ್ವಥರ ಕಂಠದಲ್ಲೇ ಇರಬೇಕು ಅಂತ ರಾಯರ ಕಟ್ಟಪ್ಪಣೆ.

ನಾನು ಅಲ್ಲೇ ರಘು ದೀಕ್ಷಿತರ ಹೆಸರು ಎತ್ತಿಬಿಟ್ಟೆ.

"ಆ ಲುಂಗಿ ಹುಡುಗನೇ?"

ಹೌದು, ಅದೇ ಲುಂಗಿ, ಕಾಲಿಗೆ ಗೆಜ್ಜೆ. ಗೆಜ್ಜೆ ಸುಮ್ಮನೆ ಶೋಕಿಗೆ ಬಂದದ್ದಲ್ಲ, ಆತ ಭರತನಾಟ್ಯ ಕಲಿತವರು. ಮೈಸೂರಲ್ಲಿ ಬೆಳೆದು ಮೈಕ್ರೋಬಯಾಲಜಿ ಎಂಎಸ್ಸಿ ಮಾಡಿದರು. ಗಿಟಾರ್ ಹಿಡಿದದ್ದು ಕಾಲೇಜಿನ ಗೆಳೆಯನೊಬ್ಬ ಕೆಣಕಿದ ಅಂತ ಹಟಕ್ಕೆ ಬಿದ್ದು. ಮೊದಲು 'ಅಂತರಾಗ್ನಿ' ಅಂತ ಬ್ಯಾಂಡ್ ಕಟ್ಟಿದರು. ಅದು ಒಡೆದ ಮೇಲೆ ಹುಟ್ಟಿದ್ದು 'ರಘು ದೀಕ್ಷಿತ್ ಪ್ರಾಜೆಕ್ಟ್'. ಹೆಸರಲ್ಲೇ ಜಾಣತನ ಇದೆ ನೋಡಿ: ಬ್ಯಾಂಡ್ ಅಂದರೆ ಇಂತಿಷ್ಟೇ ಜನ, ಪ್ರಾಜೆಕ್ಟ್ ಅಂದರೆ ಬರುವವರು ಬರಲಿ, ಹೋಗುವವರು ಹೋಗಲಿ. ಬೇಸ್ ಗಿಟಾರಿನ ಗೌರವ್ ವಾಜ್ ಬಹುಕಾಲ ಜೊತೆಗಿದ್ದವರು. ಡ್ರಮ್ಸ್ ಮುಂದೆ ಮಾತ್ರ ಮುಖ ಬದಲಾಗುತ್ತಲೇ ಇತ್ತು.

ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆಗೆಯಲಿಲ್ಲ. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಒಂದೇ ಆಲ್ಬಮ್ಮಲ್ಲಿ ಇದ್ದರೆ ಯಾವ ಅಂಗಡಿಯ ಯಾವ ಕಪಾಟಲ್ಲಿ ಇಡೋದು ಹೇಳಿ! ಮುಂಬೈಯಲ್ಲಿ ಪವಾಡಕ್ಕೆ ಕಾಯುತ್ತಿದ್ದೇನೆ ಅನ್ನೋ ಅರ್ಥದ ಹಾಡೊಂದು ಅದೇ ಆಲ್ಬಮ್ಮಲ್ಲಿದೆ. ತಮಾಷೆ ಅಂದರೆ ಪವಾಡವೂ ಅದೇ ಊರಲ್ಲೇ ಆಯಿತು. ಸಿನಿಮಾ ಸಂಗೀತದ ಜೋಡಿ ವಿಶಾಲ್–ಶೇಖರ್ ಇವರ ಹಾಡು ಕೇಳಿ, ತಮ್ಮ ಹೊಸ ಕಂಪನಿಯಿಂದಲೇ 2008ರಲ್ಲಿ ಹೊರತಂದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ ಆ ಆಲ್ಬಂ ಮೊದಲ ಸ್ಥಾನಕ್ಕೆ ಏರಿತು.

"ಅದೆಲ್ಲ ಇರಲಿ, ಕನ್ನಡ ಎಷ್ಟು?"

"ಎರಡು ಹಾಡು. ಎರಡೂ ಷರೀಫರದ್ದೇ. ಒಂದು ಗುಡುಗುಡಿಯದ್ದು, ಇನ್ನೊಂದು ಮಾಳಿಗೆ ಸೋರೋದು."

ರಾಯರು ಸುಮ್ಮನಾದರು. ನಾನು ಮೊಬೈಲಲ್ಲಿ ಗುಡುಗುಡಿ ಹಾಕಿದೆ. ಹುಕ್ಕಾದ ನೆಪದಲ್ಲಿ ದೇಹತತ್ವ ಹೇಳೋ ಹಾಡು ಅದು. ಇಲ್ಲಿ ಮಾತ್ರ ಕುಣಿಸಿಬಿಡುತ್ತೆ. ರಾಯರ ಬೆರಳು ಗೋಡೆ ಮೇಲೆ ತಾಳ ಹಾಕುತ್ತಿತ್ತು. ನಾನು ನೋಡಿದ್ದು ಗೊತ್ತಾಗಿ ಕೈ ಹಿಂದಕ್ಕೆ ಎಳೆದುಕೊಂಡರು.

"ಪರವಾಗಿಲ್ಲ. ಅಶ್ವಥ್ ಆದ್ರೆ..."

ಅಶ್ವಥರನ್ನು ಪಕ್ಕಕ್ಕಿಡಿ ಅಂತ ನಾನೂ ಹೇಳೋನಲ್ಲ. ಅವರ ತಾರಸ್ಥಾಯಿಯಲ್ಲಿ ಇರೋ ಆರ್ತತೆ ರಘು ದೀಕ್ಷಿತರ ಹಾಡಲ್ಲಿಲ್ಲ. ಆ ಉತ್ಸಾಹದಲ್ಲಿ ತತ್ವ ಸ್ವಲ್ಪ ತೆಳ್ಳಗಾಗಿದೆ ಅಂತಲೂ ಅನ್ನಿಸುತ್ತೆ. ಆದರೆ ಎಫ್‌ಎಂ ಕೇಳಿ ಬೆಳೆದ ನಮ್ಮ ಮನೆ ಮಕ್ಕಳಿಗೆ ಷರೀಫರನ್ನು ಪರಿಚಯ ಮಾಡಿಸಿದ್ದು ಈ ಗಿಟಾರೇ, ಪಠ್ಯಪುಸ್ತಕ ಅಲ್ಲ. ಇನ್ನು ಸೂಪರ್ ಗ್ರೂಪಿನ ಲೆಕ್ಕ ಅಂದರೆ, 1889ರಲ್ಲಿ ತೀರಿಕೊಂಡ ಷರೀಫರನ್ನೂ ಆ ಬ್ಯಾಂಡಿನ ಮೆಂಬರ್ ಅಂತಲೇ ಹಿಡಿಯಬೇಕು. ಕಾರ್ನೆಲ್ ಥರ ನಡುವೆ ಬಿಟ್ಟು ಹೋಗೋ ಪೈಕಿಯವರಲ್ಲ ಅವರು.

ಮನೆಯಲ್ಲಿ ಒಳ್ಳೇ ಸ್ಪೀಕರ್ ಇದ್ದರೆ ಮೊದಲು ಅಶ್ವಥರ ಗುಡುಗುಡಿ ಕೇಳಿ, ಅದರ ಬೆನ್ನಿಗೇ ರಘು ದೀಕ್ಷಿತರದ್ದು ಹಾಕಿ. ಆಮೇಲೆ ರಾಯರ ಪಕ್ಷವೋ ನನ್ನ ಪಕ್ಷವೋ, ನೀವೇ ಹೇಳಿ.