ಸ್ಮಾರ್ಟ್ ತರಗತಿಯ ತಪಾಸಣೆ

ಸ್ಮಾರ್ಟ್ ತರಗತಿಗೆ ಅಂಗಗಳು ಮೂರು: ಪ್ರೊಜೆಕ್ಟರ್, ಪರದೆ, ಫೋಟೊ. ಮೊದಲೆರಡು ಇಲ್ಲದಿದ್ದರೂ ನಡೆಯುತ್ತದೆ, ಮೂರನೆಯದು ಕಡ್ಡಾಯ. ತಪಾಸಣೆಯ ಕ್ರಮ ಹೀಗಿರುತ್ತದೆ.

ಅಧಿಕಾರಿ: ಪ್ರೊಜೆಕ್ಟರ್ ಎಲ್ಲಿ ಮೇಷ್ಟ್ರೇ?

ಮೇಷ್ಟ್ರು: ಬೀರುವಿನಲ್ಲಿದೆ ಸಾರ್. ದೂಳು ಕೂರದ ಹಾಗೆ ಬಟ್ಟೆ ಸುತ್ತಿ ಬೀಗ ಹಾಕಿದೀವಿ.

ಅಧಿಕಾರಿ: ಬಳಸೋದು ಯಾವಾಗ?

ಮೇಷ್ಟ್ರು: ಕರೆಂಟಿದ್ದ ದಿನ ಹೆಡ್‌ಮಾಸ್ಟ್ರು ಮೀಟಿಂಗಿಗೆ ಹೋಗಿರ್ತಾರೆ, ಬೀಗದ ಕೈ ಅವರ ಜೇಬಲ್ಲಿ. ಅವರಿದ್ದ ದಿನ ಕರೆಂಟಿರಲ್ಲ.

ಅಧಿಕಾರಿ: ಪುಸ್ತಕದ ಕ್ಯೂಆರ್ ಕೋಡ್? ಪಾಠ ತೋರಿಸೋ ದೀಕ್ಷಾ ಪೋರ್ಟಲ್ 2017ರಲ್ಲೇ ಬಂತಲ್ಲ!

ಮೇಷ್ಟ್ರು: ಸ್ಕ್ಯಾನ್ ಮಾಡಿದ್ವಿ ಸಾರ್. ನೆಟ್‌ವರ್ಕಿಗಾಗಿ ಗುಡ್ಡ ಹತ್ತಬೇಕಾಯ್ತು. ಅದನ್ನ ದೈಹಿಕ ಶಿಕ್ಷಣದ ಲೆಕ್ಕಕ್ಕೆ ಬರೆದಿದೀವಿ.

ಅಧಿಕಾರಿ: ಭೇಷ್! ಎರಡು ಕಾಲಂ ತುಂಬಿತು. ಆ ಮಕ್ಕಳು ನೆಲದ ಮೇಲೆ ಏನು ಮಾಡ್ತಿದಾರೆ?

ಮೇಷ್ಟ್ರು: ನಲಿಕಲಿ ಸಾರ್. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಋಷಿ ವ್ಯಾಲಿ ಶಾಲೆ ನೋಡಿ ಬಂದು ಶುರು ಮಾಡಿದ್ದು. ಕಾರ್ಡು, ಕಲಿಕಾ ಏಣಿ, ಗುಂಪು ಇದ್ರೆ ಸಾಕು. ಪ್ರತಿ ಮಗು ತನ್ನ ವೇಗಕ್ಕೆ ತಕ್ಕ ಹಾಗೆ ಮೆಟ್ಟಿಲು ಹತ್ತುತ್ತೆ. ಈ ಗುಂಪು ಹುಣಸೆ ಬೀಜದಲ್ಲಿ ಕೂಡೋದು ಕಲೀತಿದೆ.

ಅಧಿಕಾರಿ: ಬೀಜಕ್ಕೆ ಪಾಸ್‌ವರ್ಡ್ ಇದೆಯಾ?

ಮೇಷ್ಟ್ರು: ಇಲ್ಲ ಸಾರ್.

ಅಧಿಕಾರಿ: ಹಾಗಾದ್ರೆ ತಂತ್ರಜ್ಞಾನ ಅಲ್ಲ. ಮಕ್ಕಳನ್ನ ಎಬ್ಬಿಸಿ, ಪ್ರೊಜೆಕ್ಟರ್ ಮುಂದೆ ನಿಲ್ಲಿಸಿ. ಫೋಟೊ ತೆಗೀಬೇಕು.

ಮೇಷ್ಟ್ರು: ಬೀಗದ ಕೈ ಇಲ್ಲವಲ್ಲ ಸಾರ್!

ಅಧಿಕಾರಿ: ಬೀರುವಿನ ಮುಂದೇ ನಿಲ್ಲಿಸಿ. ಒಳಗಿದೆ ಅಂತ ನಾನು ಬರ್ಕೋತೀನಿ.

ತಪಾಸಣೆಯ ಕೊನೆಯ ಹಂತ ವರದಿ. ಅದರ ಒಕ್ಕಣೆ: ‘ಉಪಕರಣ ಸುಸ್ಥಿತಿಯಲ್ಲಿದೆ. ಬಳಕೆಯಿಂದ ಯಾವುದೇ ಹಾನಿಯಾಗಿಲ್ಲ. ಶ್ರೇಣಿ: ಅತ್ಯುತ್ತಮ.’